ಸ್ಕೋರಾದ ಕೆಳಗೆ ದೋಣಿ ನಿಂತಾಗ

ಬೆಳಿಗ್ಗೆ ಎದ್ದಾಗಿನಿಂದ ಮಾರ್ಗುನ್‌ಗೆ ತನ್ನ ದನಿ ತನ್ನದಲ್ಲ ಅನ್ನಿಸುತ್ತಿತ್ತು. ಕಾಫಿಗೆ ನೀರಿಡುವಾಗಲೂ, ಮರದ ಮೆಟ್ಟಿಲಿಳಿದು ಬಂದರಿನ ಕಡೆ ನಡೆಯುವಾಗಲೂ ಅದು ಗಂಟಲೊಳಗೆ ಬೇರೆಯವರ ಗಂಟಿನಂತೆ ಕೂತಿತ್ತು. ಇಟ್ಟುಕೊಂಡಿರು ಎಂದು ಯಾರೋ ಕೊಟ್ಟುಹೋದದ್ದು, ಇವತ್ತಲ್ಲ ನಾಳೆ ಕೇಳಿಕೊಂಡು ಬಂದೇ ಬರುತ್ತಾರೆ ಎಂಬಂಥದ್ದು. ಜೂನ್ ತಿಂಗಳ ಕೊನೆ, ದೂರದ ಉತ್ತರದ ನೂರ್ವೋಗ್ ಪಟ್ಟಣದಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡದ ಕಾಲ. ಕತ್ತಲೆ ಬರುವ ಹಾಗೆ ಮಾಡಿ, ಬೆಟ್ಟದ ನೆತ್ತಿಯ ತನಕ ಬಂದು, ಏನೋ ನೆನಪಾದಂತೆ ಹಿಂದಕ್ಕೆ ಹೊರಟುಹೋಗುತ್ತಿತ್ತು. ಹಾಗಾಗಿ ನಿನ್ನೆಗೂ ಇವತ್ತಿಗೂ ನಡುವೆ ಗೋಡೆಯೇ ಇಲ್ಲ. ನಿನ್ನೆ ಆಡಿದ ಮಾತು ಇವತ್ತಿನ ಬೆಳಕಿನಲ್ಲೂ ಹಾಗೇ ತೇಲುತ್ತಿರುತ್ತದೆ. ರಾತ್ರಿ ಬಂದು ನಿಂತಿದ್ದ ವಿಹಾರದ ಹಡಗೊಂದು ಊರಿನ ಅರ್ಧ ಆಕಾಶವನ್ನು ಮುಚ್ಚಿಕೊಂಡಿತ್ತು. ಅದರ ನೆರಳಿನಲ್ಲಿ ಬಿಳಿಯ ಮರದ ಮನೆಗಳು ಕುಗ್ಗಿ, ಯಾರೋ ಆಡಿ ಅಲ್ಲಿಯೇ ಬಿಟ್ಟು ಎದ್ದುಹೋದ ಆಟಿಕೆಗಳಂತೆ ಕಾಣುತ್ತಿದ್ದವು. ಹಡಗು ಬಂತೆಂದರೆ ಇವತ್ತು ಪ್ರವಾಸಿಗರ ದೋಣಿ ಎರಡು ಸಲ ಹೋಗಬೇಕು, ಅದರ ಮಾರ್ಗದರ್ಶಿಯಾದ ಅವಳು ಕಥೆಯನ್ನೂ ಎರಡು ಸಲ ಹೇಳಬೇಕು.

ಧಕ್ಕೆಯ ಮೇಲೆ ದೋಣಿಯ ಯಜಮಾನ ಯೂಸ್ಟೈನ್ ಕೊಳವೆ ಹಿಡಿದು ಹಲಗೆಗೆ ನೀರು ಬಿಡುತ್ತಿದ್ದ. ಅವಳನ್ನು ನೋಡಿದವನೇ, “ಏನಮ್ಮಾ, ಮುಖ ಒಣಗಾಕಿರೋ ಮೀನಿನ ಹಂಗಾಗಿದೆ. ನಿದ್ದೆ ಇಲ್ವಾ?” ಅಂದ.

“ಯಾರಿಗಿದೆ ಈಗ?”

“ನಂಗಿದೆ. ಕಿಟಕಿಗೆ ಕಂಬಳಿ ಇಟ್ಟು ಮೊಳೆ ಹೊಡ್ದಿದೀನಿ. ಚೌಕಟ್ಟೆಲ್ಲಾ ಹಾಳ್ ಮಾಡ್ದೆ ಅಂತ ಹೆಂಡ್ತಿ ಬೈತಾಳೆ. ಬೈಲಿ, ನಿದ್ದೇಲಿ ಕೇಳ್ಸಲ್ಲ.”

ಮಾರ್ಗುನ್ ನಕ್ಕಳು. ಯೂಸ್ಟೈನ್ ಜೊತೆ ನಗುವುದು ಸುಲಭ, ಅವನು ಉತ್ತರಕ್ಕೆ ಕಾಯುವವನಲ್ಲ. ಚುಕ್ಕಾಣಿಯ ಪಕ್ಕದ ಗೂಡಿನಲ್ಲಿ ಅವಳದೊಂದು ಮಡಿಸುವ ಕುರ್ಚಿಯಿತ್ತು. ಅಲ್ಲಿ ಕೂತರೆ ಪ್ರಯಾಣಿಕರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಅವಳು ಬಾಯಿ ತೆರೆದಾಗಲೆಲ್ಲ “ಸ್ವಲ್ಪ ಜೋರಾಗಿ” ಎನ್ನುತ್ತಿದ್ದ ಅಧ್ಯಾಪಕರು, ಒಮ್ಮೆಯಂತೂ ಅವಳು ಪ್ರಬಂಧ ಓದುತ್ತಿದ್ದಾಗಲೇ ಎದ್ದು ಕಿಟಕಿ ಮುಚ್ಚಿದ್ದರು. ಮುಚ್ಚಿದ ಮೇಲೂ ಅವಳ ದನಿ ಎರಡನೇ ಸಾಲಿಗೆ ಮುಟ್ಟಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದದ್ದು ಇವತ್ತಿಗೂ ಕಿವಿಯಲ್ಲಿದೆ, ಕಿಟಕಿಯ ಚಿಲಕದ ಸದ್ದಿನ ಜೊತೆಯಲ್ಲೇ. ಇಲ್ಲಿ ಹಾಗಲ್ಲ. ಕೈಯಲ್ಲೊಂದು ಮೈಕು, ಮೊದಲು ಇಂಗ್ಲಿಷು, ಆಮೇಲೆ ಜರ್ಮನ್. ದನಿ ಅವಳನ್ನು ಬಿಟ್ಟು ಹೊರಟು, ಮೂರು ಕಡೆಯ ಧ್ವನಿವರ್ಧಕಗಳಿಂದ ಬೇರೆ ಯಾರದೋ ಆಗಿ ಇಳಿದುಬರುತ್ತಿತ್ತು. ಹೋದ ವರ್ಷ ಮೊದಮೊದಲು ಆ ದನಿಯನ್ನೂ ಯಾರೂ ಕೇಳುತ್ತಿರಲಿಲ್ಲ. ಜಲಪಾತದ ಎತ್ತರ ಹೇಳಿದರೆ ಒಬ್ಬರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು; ಕಂದಾಯದವನು ಬಂದಾಗ ಸ್ಕೋರಾದವರು ಏಣಿ ಮೇಲಕ್ಕೆಳೆದುಕೊಳ್ಳುತ್ತಿದ್ದರು ಎಂದರೆ ನಾಲ್ಕು ಜನ ನಗುತ್ತಿದ್ದರು, ಉಳಿದವರು ವಾಫಲ್ ಮೇಲೆ ಕಂದು ಚೀಸು ಹರಡಿಕೊಳ್ಳುತ್ತಿದ್ದರು. ಸ್ಕೋರಾ ಎಂದರೆ ಬಂಡೆಯ ನಡುಮಧ್ಯೆ ಚಾಚಿಕೊಂಡ ಒಂದು ತುಂಡು ನೆಲ; ಮೇಲೂ ಗೋಡೆ, ಕೆಳಗೂ ಗೋಡೆ, ಗೋಡೆಯ ಬುಡದಲ್ಲಿ ತಳ ಕಾಣದ ನೀರು. ಅಲ್ಲೊಂದು ಮನೆ, ಆಡಿನ ಕೊಟ್ಟಿಗೆ, ಹಾಸಿಗೆ ಹೊದಿಕೆಯಷ್ಟಗಲದ ಎರಡು ಹೊಲ. ಚಿಕ್ಕ ಮಕ್ಕಳು ಆಡುತ್ತಾಡುತ್ತ ಅಂಚು ದಾಟಬಾರದೆಂದು ಸೊಂಟಕ್ಕೆ ಹಗ್ಗ ಕಟ್ಟಿ, ಮನೆಯ ಮೂಲೆಯ ಕಬ್ಬಿಣದ ಬಳೆಗೆ ಬಿಗಿಯುತ್ತಿದ್ದರು. ಇದನ್ನೂ ಹೇಳುತ್ತಿದ್ದಳು. ಅಯ್ಯೋ ಎನ್ನುತ್ತಿದ್ದರು, ಫೋಟೋ ತೆಗೆಯುತ್ತಿದ್ದರು.

ಹಾಗಿರುವಾಗ ಒಂದು ದಿನ, ಅದು ಯಾಕೆ ಬಾಯಿಗೆ ಬಂತೋ, ಬರುವುದಕ್ಕೆ ಮುಂಚೆ ಅವಳಿಗೇ ಗೊತ್ತಿರಲಿಲ್ಲ: ಒಂದು ಬೆಳಿಗ್ಗೆ ಒಂದು ಮಗುವಿನ ಹಗ್ಗ ಒಂದು ಗೇಣು ಉದ್ದವಾಗಿಬಿಟ್ಟಿತ್ತು, ಎಂದಳು. ಅದನ್ನು ಕಟ್ಟಿದವಳು ಮಗುವಿನ ಅಕ್ಕ, ಒಂಬತ್ತು ವರ್ಷದವಳು. ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಆಗ ಆ ನಿಶ್ಶಬ್ದ ಬಂತು. ಇಡೀ ದೋಣಿ ಉಸಿರು ಹಿಡಿದಿತ್ತು. ಬಂಡೆಯಿಂದ ನೀರು ಜಿನುಗುವುದು ಕೇಳಿಸಿತು. ಬೆನ್ನು ತಿರುಗಿಸಿ ಕೂತಿದ್ದರೂ ಅಷ್ಟೂ ಜನರ ಮುಖ ತನ್ನ ಬೆನ್ನಿನ ಮೇಲಿದೆ ಎಂಬುದು ಚಳಿಯಲ್ಲಿ ಒಲೆಯ ಮುಂದೆ ಬಂದು ನಿಂತಷ್ಟು ಹಿತವಾಗಿ ಅವಳಿಗೆ ತಿಳಿಯಿತು. ಹುಟ್ಟಿದಾಗಿನಿಂದ ಯಾರೂ ಅವಳಿಗೆ ಹಾಗೆ ಕಿವಿಗೊಟ್ಟಿರಲಿಲ್ಲ. ಮಾರನೆಯ ದಿನವೂ ಹೇಳಿದಳು. ಅದರ ಮಾರನೆಯ ದಿನ ‘ಗೇಣು’ ಎಂಬುದಕ್ಕೆ ಮುಂಚೆ ಎಷ್ಟು ತಡೆಯಬೇಕು ಎಂಬುದೂ ಗೊತ್ತಾಗಿತ್ತು.

ಕಟ್ಟುಕಥೆಯೇನಲ್ಲ. ಅವಳಜ್ಜಿ ಆಸ್ಪತ್ರೆಯಲ್ಲಿ ಸಾಯುವ ಮುಂಚೆ ಜ್ವರದಲ್ಲಿ ಕನವರಿಸಿದ್ದು. ಹಗ್ಗ, ಗೇಣು, ಅಕ್ಕ. ಪಕ್ಕದಲ್ಲಿದ್ದ ಅಮ್ಮ ಎದ್ದು ದಿಂಬು ಸರಿಮಾಡಿ, “ಇವತ್ತು ಬಿಸಿಲು ಬಂದಿದೆ” ಎಂದಿದ್ದಳು. ಮನೆಯಲ್ಲಿ ಆ ಮಾತಿಗೆ ಅಷ್ಟೇ ಜಾಗ. ಆ ಅಕ್ಕ, ಅಜ್ಜಿಯ ಅಕ್ಕನೂ ಹೌದು, ಓಲೌಗ್, ಈಗಲೂ ಬಂದರಿನ ಮೇಲಿನ ಬೀದಿಯಲ್ಲಿದ್ದಳು. ಭಾನುವಾರ ಭಾನುವಾರ ಮಾರ್ಗುನ್ ಅವಳ ಮನೆಯಲ್ಲಿ ಮೀನಿನ ಸಾರು ಉಣ್ಣುತ್ತಿದ್ದಳು. ಉಣ್ಣುವಾಗ, ನಿನ್ನೆ ಈಕೆಯನ್ನು ಎಷ್ಟು ಜನಕ್ಕೆ ಒಪ್ಪಿಸಿದೆ ಎಂಬ ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿ ಚಮಚ ಭಾರವಾಗುತ್ತಿತ್ತು. ಆದರೂ ಒಂದು ಧೈರ್ಯವಿತ್ತು. ಓಲೌಗ್‌ಗೆ ಇಂಗ್ಲಿಷ್ ಬಾರದು, ಜರ್ಮನ್ ಬಾರದು. ಇಂಗ್ಲಿಷೆಂದರೆ ಅವಳಿಗೆ ಟೀವಿಯಲ್ಲಿ ಕೆಳಗಿನ ಅಕ್ಷರಗಳನ್ನು ಓದುವಾಗ ಮೇಲಿಂದ ಬರುವ ಗದ್ದಲ. ಮೇಲಾಗಿ ಸ್ಕೋರಾದಿಂದ ಇಳಿದುಬಂದ ಮೇಲೆ ಅವಳು ಆ ಫಿಯೋರ್ಡಿನ, ಬೆಟ್ಟಗಳ ನಡುವೆ ನುಗ್ಗಿದ ಆ ಕಡಲತೋಳಿನ, ನೀರಿಗೆ ಬಂದವಳೇ ಅಲ್ಲ. ಮದುವೆಯಿರಲಿ ಸಾವಿರಲಿ, ಬೆಟ್ಟ ಸುತ್ತಿಕೊಂಡು ಸುರಂಗದ ರಸ್ತೆಯಲ್ಲೇ ಹೋಗುವಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಕಡೆಯ ಜನ ಎಷ್ಟು ಒಳ್ಳೆಯವರೆಂದರೆ ಕೇಳಬಾರದ್ದನ್ನು ಎಂಬತ್ತು ವರ್ಷ ಬೇಕಾದರೂ ಕೇಳದೆ ಇರಬಲ್ಲರು.

“ಅಯ್ಯೋ, ನಿಧಾನ ದೊಡ್ಡಮ್ಮ, ಹಲಗೆ ಒದ್ದೆ ಇದೆ,” ಎಂದು ಯೂಸ್ಟೈನ್ ಅಂದದ್ದು ಕೇಳಿ ಮಾರ್ಗುನ್ ಗೂಡಿನಿಂದ ತಲೆ ಹೊರಹಾಕಿದಳು. ಚರ್ಚಿಗೆ ಹಾಕುವ ಕಡುನೀಲಿ ಕೋಟು, ಕೊರಳ ಬಳಿ ಬೆಳ್ಳಿಯ ಪಿನ್ನು. ಓಲೌಗ್ ಯೂಸ್ಟೈನನ ಕೈ ಹಿಡಿಯದೆ, ಹಿಡಿಯುವಷ್ಟು ಹತ್ತಿರ ತನ್ನ ಕೈ ಇಟ್ಟುಕೊಂಡು, ಹಲಗೆ ದಾಟುತ್ತಿದ್ದಳು.

“ದೊಡ್ಡಜ್ಜಿ! ನೀವೇನಿಲ್ಲಿ?”

“ಯಾಕೆ, ದೋಣಿ ಹತ್ತೋಕೆ ಪರದೇಶದೋಳೇ ಆಗಿರ್ಬೇಕಾ?”

“ಅಲ್ಲ, ಹೇಳಿದ್ರೆ ನಾನೇ ಬಂದು…”

“ಹೇಳೋದೇನು. ಹವಾ ಚೆನ್ನಾಗಿತ್ತು, ಬಂದೆ. ಟಿಕೇಟ್ ತಗೊಂಡಿದೀನಪ್ಪಾ, ನೋಡು. ಆ ಹುಡುಗಿ ನನ್ನ ವಯಸ್ಸು ಕೇಳಿ ಬಾಯ್ ಬಿಟ್ಳು.”

“ಬಿಡ್ದೆ ಏನ್ಮಾಡ್ತಾಳೆ,” ಎಂದ ಯೂಸ್ಟೈನ್. “ನಮ್ಮಪ್ಪ ಹುಡುಗ ಆಗಿದ್ದಾಗ್ಲೇ ನೀವು ಅವನಿಗೆ ಬೈತಿದ್ರಂತೆ.”

“ಬೈಯೋ ಹಂಗೇ ಇದ್ದ ನಿಮ್ಮಪ್ಪ.”

ಗೂಡಿನ ಬಾಗಿಲಿಗೆ ಒತ್ತಿಕೊಂಡಿದ್ದ ಬೆಂಚಿನಲ್ಲೇ ಓಲೌಗ್ ಕೂತಳು. ಅಲ್ಲಿಂದ ಕೈ ಚಾಚಿದರೆ ಮಾರ್ಗುನ್‌ಳ ಮೊಣಕೈ. ಮುಂದೆ ಕುಳಿತರೆ ಚೆನ್ನಾಗಿ ಕಾಣುತ್ತದೆ ಎಂದರೆ, “ನಾನು ನೋಡದೇ ಇರೋದು ಏನಿದೆ ಅಲ್ಲಿ?” ಎಂದುಬಿಟ್ಟಳು. ಹಾಗಾದರೆ ಬಂದದ್ದೇಕೆ? ಯಾರಾದರೂ ಹೇಳಿದರೇ? ಅಂಗಡಿಯಲ್ಲಿ, ಚರ್ಚಿನ ಕಾಫಿಯ ಹೊತ್ತಿನಲ್ಲಿ, ಯಾರದೋ ಮೊಮ್ಮಗ ಜರ್ಮನ್ ಬಲ್ಲವನು? ಪ್ರಯಾಣಿಕರು ಹತ್ತಿದರು, ಹಳದಿ, ಕೆಂಪು ಮಳೆಯಂಗಿಗಳು, ಸೂರ್ಯನಿದ್ದರೂ. ದೋಣಿ ಹೊರಟಿತು. ಬ್ಯಾಟರಿಯ ದೋಣಿ, ಸದ್ದಿಲ್ಲ. ಊರೇ ಮೆಲ್ಲಗೆ ಹಿಂದಕ್ಕೆ ಜಾರುತ್ತಿದೆ, ತಾವು ನಿಂತೇ ಇದ್ದೇವೆ ಎಂಬಂತೆ. ಮಾರ್ಗುನ್ ಮೈಕು ಎತ್ತಿಕೊಂಡಳು. ಸ್ವಾಗತ, ಜೀವರಕ್ಷಕ ಅಂಗಿ ಎಲ್ಲಿದೆ, ನೀರಿನ ಆಳ ಎಷ್ಟು. ತನ್ನ ದನಿ ಮೇಲಿನಿಂದ ಇಳಿದು ಓಲೌಗ್‌ಳ ಬಿಳಿಯ ತಲೆಯ ಮೇಲೆ ಬೀಳುವುದನ್ನು ಓರೆಗಣ್ಣಲ್ಲಿ ನೋಡಿದಳು. ಮುದುಕಿ ಗಲ್ಲವನ್ನು ಸ್ವಲ್ಪ ಎತ್ತಿ, ಬಾರದ ಭಾಷೆಯ ಪ್ರಾರ್ಥನೆಯನ್ನು ಕೇಳುವವಳ ಹಾಗೆ ಮರ್ಯಾದೆಯಿಂದ ಕೇಳುತ್ತಿದ್ದಳು. ಆ ಮರ್ಯಾದೆಯನ್ನು ನೋಡಲಾರದೆ ಮಾರ್ಗುನ್ ಮುಖ ತಿರುಗಿಸಿ, ನೀರಿನ ಆಳವನ್ನು ಇನ್ನೊಮ್ಮೆ ಹೇಳಿದಳು.

ಫಿಯೋರ್ಡು ಕಿರಿದಾಗುತ್ತ ಬಂತು. ನೀರು ಹಸಿರೂ ಅಲ್ಲ ಕಪ್ಪೂ ಅಲ್ಲ, ಬೆಟ್ಟಗಳು ಅದರೊಳಗೆ ತಲೆಕೆಳಗಾಗಿ ನಿಂತಿದ್ದವು. ಯಾವುದು ನಿಜದ್ದು ಎಂದು ಯಾರಾದರೂ ಕೇಳಿದರೆ ಅವಳು ಕೆಳಗಿನದನ್ನೇ ತೋರಿಸುತ್ತಿದ್ದಳೇನೋ. ಚಿಕ್ಕವಳಿದ್ದಾಗ ಓಲೌಗ್ ಅವಳಿಗೆ ಬೂಟಿನ ದಾರ ಕಟ್ಟಲು ಕಲಿಸಿದ್ದಳು. ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಕಟ್ಟಿದ ಮೇಲೆ ಎಳೆದು ನೋಡಿ, ಇನ್ನೊಮ್ಮೆ ಎಳೆದು, ಮತ್ತೆ ಬಿಚ್ಚಿ ಕಟ್ಟಿ, ಮತ್ತೆ ಎಳೆದು. ಸಾಕು ದೊಡ್ಡಜ್ಜಿ, ಕಾಲು ನೋಯುತ್ತೆ ಎಂದರೂ ಬಿಡುತ್ತಿರಲಿಲ್ಲ. ಅದನ್ನು ನೆನೆದು ನಗುತ್ತಿದ್ದ ಮಾರ್ಗುನ್‌ಗೆ, ಆಸ್ಪತ್ರೆಯ ಆ ದಿನದ ಮೇಲೆ, ನಗಲು ಆಗಿರಲಿಲ್ಲ. ಇವತ್ತು ಹೇಳಬೇಡ. ಏಣಿಯ ಕಥೆ ಹೇಳು, ಆಡಿನ ಕಥೆ ಹೇಳು, ಮುಂದೆ ಹೋಗು. ಆದರೆ ಅವಳಿಗೇ ನಾಚಿಕೆಯಾಗುವಂತೆ ಇನ್ನೊಂದು ಆಸೆಯೂ ಒಳಗೆ ತಲೆಯೆತ್ತಿತ್ತು: ಹೇಳಿದರೆ ತಾನೇ ಏನು? ಅರ್ಥವಾಗುವುದಿಲ್ಲವಲ್ಲ. ಅವಳ ಎದುರಿಗೇ ಹೇಳಿ, ಆ ನಿಶ್ಶಬ್ದ ಬರಲಿ, ಅದರ ನಡುವೆ ಅವಳೂ ಕೂತಿರಲಿ. ಈ ಯೋಚನೆಯಿಂದ ಅವಳ ಕಿವಿ ಬಿಸಿಯಾಯಿತು. ನಾನು ಎಂಥವಳು ಎಂದುಕೊಂಡಳು. ಹಾಗೆಂದುಕೊಳ್ಳುವುದರಲ್ಲೂ ಒಂದು ರುಚಿ ಇತ್ತು, ಅದು ಇನ್ನೂ ಹೇಸಿಗೆ.

ಸ್ಕೋರಾದ ಕೆಳಗೆ ಯೂಸ್ಟೈನ್ ಎಂದಿನಂತೆ ದೋಣಿ ನಿಲ್ಲಿಸಿದ. ಎಲ್ಲರೂ ಕತ್ತೆತ್ತಿದರು. ಮೇಲೆ, ಕಣ್ಣು ಹುಡುಕಿ ಹುಡುಕಿ ಸಿಕ್ಕಷ್ಟು ಮೇಲೆ, ಹುಲ್ಲಿನ ಒಂದು ಗೀರು, ಅದರ ಮೇಲೆ ಬೂದುಬಣ್ಣದ ಹಲಗೆಯ ಗೋಡೆ, ಅರ್ಧ ಬಿದ್ದ ಮಾಡು. ಮಾರ್ಗುನ್ ಏಣಿಯ ಕಥೆ ಹೇಳಿದಳು, ಆಡುಗಳನ್ನು ಹೇಳಿದಳು, ಮಕ್ಕಳ ಸೊಂಟದ ಹಗ್ಗದ ತನಕ ಬಂದು, ನಾಲಗೆ ತಾನೇ ತಡೆದು ನಿಂತ ಆ ಜಾಗದಲ್ಲಿ, “ಧನ್ಯವಾದ” ಎಂದಳು. ಜರ್ಮನ್ನಿನಲ್ಲೂ ಹಾಗೇ. ನಾಲ್ಕು ಜನ ನಕ್ಕರು. ವಾಫಲಿನ ಕಾಗದಗಳು ಸದ್ದು ಮಾಡಿದವು. ಯೂಸ್ಟೈನ್ ತಿರುಗಿ ನೋಡಿ, “ಮುಗೀತಾ? ಇವತ್ತು ಒಂದು ತುಂಡು ನುಂಗ್ಬಿಟ್ಯಲ್ಲ,” ಎಂದ.

“ಗಂಟಲು ಸರಿ ಇಲ್ಲ.”

ಅಷ್ಟರಲ್ಲಿ ಹಳದಿ ಅಂಗಿಯ ಹೆಂಗಸೊಬ್ಬಳು ಬೆಂಚುಗಳ ನಡುವೆ ದಾಟಿಕೊಂಡು ಗೂಡಿನ ಬಾಗಿಲಿಗೇ ಬಂದಳು. ತನ್ನ ತಂಗಿ ಹೋದ ವರ್ಷ ಬಂದಿದ್ದಳು, ಇಲ್ಲೊಂದು ಮಗುವಿನ ಕಥೆ ಇದೆಯಂತೆ, ಕೇಳಿ ಅತ್ತುಬಿಟ್ಟಳಂತೆ, ನೀವು ಹೇಳಲೇ ಇಲ್ಲವಲ್ಲ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಸೆ ತುಂಬಿದ ಒಳ್ಳೆಯ ಮುಖ. ಹತ್ತಿರದ ಬೆಂಚುಗಳ ಮುಖಗಳೂ ಇತ್ತ ತಿರುಗಿದವು. ಓಲೌಗ್ ಆ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಏನಂತೆ ಆಕೆಗೆ?”

“ಏನಿಲ್ಲ ದೊಡ್ಡಜ್ಜಿ. ಆಡುಗಳನ್ನ ಹೇಗೆ ಮೇಲೆ ಹತ್ತಿಸ್ತಿದ್ರು ಅಂತ.”

“ಆಡಾ?”

“ಹೂಂ.”

“ಆಡಿನ ವಿಷ್ಯಕ್ಕೆ ಯಾರಾದ್ರೂ ಮುಖ ಹಂಗ್ ಮಾಡ್ತಾರೇನೇ? ಅವಳು ಕೈಯನ್ನ ಸೊಂಟಕ್ಕೆ ಸುತ್ತಿ ತೋರಿಸ್ತಾ ಇದಾಳೆ. ನನ್ನ ಕಿವಿಗೆ ಅವಳ ಮಾತು ಬರಲ್ಲ, ಕಣ್ಣು ನೆಟ್ಟಗಿದೆ.”

ಮಾರ್ಗುನ್ ಮೈಕಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಓಲೌಗ್ ಬೆಂಚಿನ ಮೇಲೆ ಸ್ವಲ್ಪ ಸರಿದು, ಜಾಗ ಮಾಡಿ, ಪಕ್ಕದ ಹಲಗೆಯನ್ನು ಅಂಗೈಯಿಂದ ತಟ್ಟಿದಳು.

“ಬಾ ಇಲ್ಲಿ. ಇವ್ರಿಗೆ ದಿನಾ ಹೇಳೋದನ್ನ ನಂಗೂ ಹೇಳು. ನಮ್ಮ ಮಾತಲ್ಲಿ. ನಾನೂ ಟಿಕೇಟ್ ತಗೊಂಡಿದೀನಲ್ಲ.”

ಕೂತಳು. ಬೆನ್ನು ತಿರುಗಿಸಿ ಕೂರುವಂತಿರಲಿಲ್ಲ. ಆ ವಾಕ್ಯಗಳು ಎಷ್ಟು ಚೆನ್ನಾಗಿ ಸಾಲು ನಿಂತಿದ್ದವು. ಬೇರೆ ಭಾಷೆಯಲ್ಲಿ ಅವಕ್ಕೆ ಮೈಯಿರಲಿಲ್ಲ, ನೀರಿನ ಮೇಲೆ ಕಲ್ಲು ಚಿಮ್ಮಿದಂತೆ ಹಾರಿಕೊಂಡು ಹೋಗುತ್ತಿದ್ದವು. ಈಗ ಮೀನಿನ ಸಾರಿನ, ಬೂಟಿನ ದಾರದ, ಬಾಗಿಲು ಹಾಕ್ಕೊಂಡು ಬಾ ಎನ್ನುವ ಭಾಷೆಗೆ ತಂದರೆ ಒಂದೊಂದು ಮಾತೂ ಮುಳುಗುತ್ತಿತ್ತು. ‘ಒಂದಾನೊಂದು ಬೆಳಿಗ್ಗೆ’ ಎನ್ನಲಾಗಲಿಲ್ಲ. “ಮಕ್ಕಳನ್ನ ಕಟ್ತಿದ್ರು,” ಎಂದಳು. “ಬಳೆಗೆ. ಒಂದ್ ದಿನ… ಒಂದು ಮಗೂದು… ಹಗ್ಗ ಉದ್ದ ಆಗಿತ್ತು. ಒಂದು ಗೇಣು.” ದನಿ ಎರಡನೇ ಸಾಲಿಗೆ ಮುಟ್ಟುತ್ತಿರಲಿಲ್ಲ, ಪಕ್ಕದವಳಿಗೆ ಮುಟ್ಟಿತು. “ಮಗು ಅಂಚು ದಾಟಿ, ಹಗ್ಗದಿಂದ ಜಾರಿ ಬಿತ್ತು.”

“ಕಟ್ಟಿದ್ದು ಯಾರಂತೆ?”

ದಿನವೂ ಎಷ್ಟು ಸುಲಭವಾಗಿ ‘ಅಕ್ಕ’ ಎನ್ನುತ್ತಿದ್ದಳು. ಎಲ್ಲಿಯದೋ, ಯಾವ ಕಾಲದ್ದೋ ಅಕ್ಕ. ಈಗ ಆ ಅಕ್ಕನ ಕೋಟಿನ ತೋಳು ತನ್ನ ತೋಳಿಗೆ ತಾಗಿಕೊಂಡಿತ್ತು, ಕರ್ಪೂರದ ಗುಳಿಗೆಯ ವಾಸನೆ ಬರುತ್ತಿತ್ತು. ಓಲೌಗ್ ಮೇಲೆ ನೋಡುತ್ತಿರಲಿಲ್ಲ, ನೀರನ್ನೂ ನೋಡುತ್ತಿರಲಿಲ್ಲ. ಮಾರ್ಗುನ್‌ಳ ಬಾಯನ್ನೇ ನೋಡುತ್ತಿದ್ದಳು.

“ನೀವು,” ಎಂದಳು ಮಾರ್ಗುನ್. “ನೀವು ಕಟ್ಟಿದ್ದು, ದೊಡ್ಡಜ್ಜಿ.”

ಈ ಕಡೆಯ ಹಳಬರು ಮನಸ್ಸಿನಿಂದ ಒಪ್ಪುವ ‘ಹೌದ’ನ್ನು ಉಸಿರು ಒಳಗೆಳೆದುಕೊಂಡೇ ಹೇಳುತ್ತಾರೆ. ಓಲೌಗ್ ಹಾಗೆ ಉಸಿರೆಳೆದಳು. ಮುದುಕಿಗೆ ಏನೋ ಆಯಿತೆಂದು ಹಳದಿ ಅಂಗಿಯವಳು ಗಾಬರಿಯಿಂದ ಮುಂದೆ ಬಂದಳು. ಯೂಸ್ಟೈನ್ ಅವಳಿಗೆ, ಏನಿಲ್ಲ ಏನಿಲ್ಲ, ಹೋಗಿ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದ.

“ಅವತ್ತು ಸಂಜೆ ಅಮ್ಮ ನಂಗೂ ಗಂಜಿ ಹಾಕಿದ್ಲು,” ಎಂದಳು ಓಲೌಗ್. “ಎಲ್ಲರಿಗೂ ಹಾಕಿದ ಹಂಗೇ. ಮೇಲೆ ಬೆಣ್ಣೆ ಇಟ್ಲು. ಬೈಲಿಲ್ಲ, ಹೊಡೀಲಿಲ್ಲ. ಅಪ್ಪ ಹಗ್ಗ ಬಿಚ್ಕೊಂಡು ಬಂದು ಗೂಟಕ್ಕೆ ಹಾಕ್ದ. ಅಷ್ಟೇ. ನೀನೇ ಕಟ್ಟಿದ್ದು ಅಂತ ನಾಳೆ ಅಂತಾರೆ ಅಂದ್ಕೊಂಡೆ. ದೊಡ್ಡೋಳಾದ್ಮೇಲೆ ಅಂತಾರೆ ಅಂದ್ಕೊಂಡೆ. ನಿಮ್ಮಜ್ಜಿ ಆದ್ರೂ ಜಗಳ ಆಡುವಾಗ ಒಂದ್ಸಲ ಬಾಯ್ ತಪ್ಪಿ ಅಂತಾಳೇನೋ ಅಂತ, ಬೇಕ್ಬೇಕಂತ್ಲೇ ಅವಳನ್ನ ಕೆರಳಿಸ್ತಿದ್ದೆ. ಅವಳೂ ಅನ್ಲಿಲ್ಲ. ಎಲ್ಲಾ ಬಹಳ ಒಳ್ಳೇರು.”

ಓಲೌಗ್ ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು.

“ನಮ್ಮೋರು ಯಾರದೋ ಬಾಯಲ್ಲಿ ಆ ಮಾತು ಎದ್ದಿದೆ ಅಂತ ಗೊತ್ತಾಯ್ತು. ಅಂಗಡೀಲಿ ನಾನು ಬಂದ್ ತಕ್ಷಣ ಮಾತು ನಿಲ್ಲಿಸ್ತಾರಲ್ಲ, ಅದ್ರಲ್ಲೇ ಗೊತ್ತಾಗುತ್ತೆ. ನಂಗೆ ಆ ನಿಲ್ಲಿಸೋದು ಹೊಸದಲ್ಲ ಬಿಡು.” ಅವಳ ದನಿ ಈಗ ಗಡುಸಾಯಿತು. “ಊರೂರೋರಿಗೆಲ್ಲ ಹೇಳಿದೀಯ. ಪ್ರತಿ ಭಾನುವಾರ ನನ್ನ ಎದುರಿಗೆ ಕೂತು ಸಾರು ಸುರೀತೀಯ. ನಂಗೊಬ್ಳಿಗೆ ಹೇಳೋಕೆ ನಿಂಗೆ ಬಾಯಿರಲಿಲ್ವೇನೇ?”

“ತಪ್ಪಾಯ್ತು ದೊಡ್ಡಜ್ಜಿ.”

“ತಪ್ಪು ಗಿಪ್ಪು ಮನೇಲಿ ನೋಡ್ಕೊಳ್ಳೋಣ. ಮಗೂನ ಹೆಸರು ಏನಂತ ಹೇಳ್ತೀಯ ಇವ್ರಿಗೆ?”

ಮಾರ್ಗುನ್ ಬಾಯಿ ತೆರೆದಳು. ಎರಡು ಬೇಸಿಗೆ, ಎರಡು ಭಾಷೆ, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂಬುದೆಲ್ಲ ಗೊತ್ತು. ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಈವರೆಗೆ ಅವಳಿಗೆ ಹೊಳೆದೂ ಇರಲಿಲ್ಲ. ಮನೆಯಲ್ಲಿ ಯಾರೂ ಆಡದ ಹೆಸರು, ನೀರು ಹಿಂದಕ್ಕೆ ಕೊಡದ ಮೈ, ಕಲ್ಲಿಲ್ಲದ ಸಮಾಧಿ. ಆ ಮಗುವನ್ನು ದಿನವೂ ಬೀಳಿಸಿದ್ದಳು, ಒಮ್ಮೆಯೂ ಕರೆದಿರಲಿಲ್ಲ. ಮುಖ ಮುಚ್ಚಿಕೊಳ್ಳೋಣವೆಂದರೆ ಕೈಯಲ್ಲಿ ಮೈಕಿತ್ತು.

“ಗೊತ್ತಿಲ್ಲ,” ಎಂದಳು.

ಹಿಂದಿನಿಂದ ಇನ್ನೊಂದು ದೋಣಿ ತಿರುವಿನಲ್ಲಿ ಕಾಣಿಸಿಕೊಂಡಿತು. ಯೂಸ್ಟೈನ್ ಅದನ್ನು ನೋಡಿದ, ಇವರನ್ನು ನೋಡಿದ, ಚುಕ್ಕಾಣಿಯಿಂದ ಕೈ ತೆಗೆದು ಜೇಬಿಗಿಟ್ಟುಕೊಂಡ.

“ಹಾಲ್ವಾರ್,” ಎಂದಳು ಓಲೌಗ್. ಹೇಳಿದ ಮೇಲೆ ತುಟಿ ಹಾಗೇ ಸ್ವಲ್ಪ ತೆರೆದಿತ್ತು, ಬಾಯಲ್ಲಿ ಅದು ಹೇಗಿತ್ತು ಎಂದು ನೋಡಿಕೊಳ್ಳುತ್ತಿರುವಂತೆ. “ಹಾಲ್ವಾರ್ ಅಂತ. ಮೂರು ತುಂಬಿತ್ತು. ಹೇಳು ಅವರಿಗೆ.”

ಮಾರ್ಗುನ್ ಎದ್ದು ನಿಂತಳು. ಪ್ರಯಾಣಿಕರ ಕಡೆ ಮುಖ ಮಾಡಿ ಗುಂಡಿ ಒತ್ತಿದಳು. ಮಗುವಿನ ಹೆಸರು ಹಾಲ್ವಾರ್, ಎಂದಳು ಇಂಗ್ಲಿಷಿನಲ್ಲಿ. ಹಾಲ್ವಾರನಿಗೆ ಮೂರು ವರ್ಷ. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಲಿಲ್ಲ, ದನಿ ಒಡೆದು ಎಡವಿತು. ಮುಂದಿನ ಸಾಲಿನವರು ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಯಾರೋ ಯಾವುದಕ್ಕೋ ನಗುತ್ತಿದ್ದರು; ಒಬ್ಬ ಗಂಡ ಹೆಂಡತಿಯನ್ನು ಕಂಬಿಯ ಬಳಿ ನಿಲ್ಲಿಸಿ, ಇನ್ನೂ ಸ್ವಲ್ಪ ಎಡಕ್ಕೆ, ಎನ್ನುತ್ತಿದ್ದ; ವಾಫಲಿನ ಚೂರಿಗೆ ಕಡಲಹಕ್ಕಿಗಳು ಕಿತ್ತಾಡುತ್ತಿದ್ದವು. ಎಷ್ಟು ಗದ್ದಲ. ಆ ಗದ್ದಲದ ಕೆಳಗೆ ಓಲೌಗ್, ಒಂದಕ್ಷರ ತಿಳಿಯದ ಭಾಷೆಯೊಳಗೆ ತಲೆ ತಗ್ಗಿಸಿ ಹುಡುಕುತ್ತ ಕೂತವಳು, ಧ್ವನಿವರ್ಧಕದಿಂದ ಆ ಒಂದು ಮಾತು ಇಳಿದಾಗ ಸರಕ್ಕನೆ ಮುಖವೆತ್ತಿದಳು. ಮನೆಯೊಳಗಿನಿಂದ ಯಾರೋ ತಮ್ಮನನ್ನು ಊಟಕ್ಕೆ ಕೂಗಿದ್ದು ಕೇಳಿಸಿದವಳಂತೆ.

“ಇನ್ನೊಂದ್ಸಲ ಅನ್ನೇ,” ಎಂದಳು.

ಮಾರ್ಗುನ್ ಇನ್ನೊಂದು ಸಲ ಅಂದಳು.